ಫ್ರೆಂಚ್ ಟ್ಯಾರಗನ್: ಬೇಸಾಯ ಮತ್ತು ಅಡುಗೆಯಲ್ಲಿ ಬಳಕೆ

ದವನವನ್ನು ಅರಿಯದ ರೈತರು ಕರ್ನಾಟಕದಲ್ಲಿ ವಿರಳ. ಚೈತ್ರದ ಹುಣ್ಣಿಮೆಗೆ ದವನದ ಹುಣ್ಣಿಮೆ ಎಂದೇ ಹೆಸರು. ಹೂವಿನ ಮಾಲೆಯ ನಡುವೆ ಒಂದೆರಡು ಎಳೆ ದವನ ಸೇರಿದರೆ ಸಾಕು, ಮನೆಯೆಲ್ಲ ಘಮಘಮಿಸುತ್ತದೆ. ಈ ದವನ ಸೇರಿರುವ ಆರ್ಟಿಮೀಸಿಯಾ ಎಂಬ ದೊಡ್ಡ ಕುಲದಲ್ಲಿಯೇ ಹುಟ್ಟಿ, ದೇವರ ಪೂಜೆಗಲ್ಲದೆ ಅಡುಗೆ ಮನೆಗೆ ಹೋದ ಒಂದು ಗಿಡವಿದೆ. ಅದೇ ಟ್ಯಾರಗನ್. ಫ್ರಾನ್ಸಿನ ಜನ ಇದನ್ನು ಎಸ್ತ್ರಗಾನ್ ಎನ್ನುತ್ತಾರೆ. ಅಲ್ಲಿನ ಅಡುಗೆಯಲ್ಲಿ ಇದಕ್ಕೆ ಇರುವ ಸ್ಥಾನವನ್ನು ನಮ್ಮ ಅಡುಗೆಯಲ್ಲಿ ಕರಿಬೇವಿಗೆ ಇರುವ ಸ್ಥಾನದೊಂದಿಗೆ ಹೋಲಿಸಬಹುದು.

ಪಟ್ಟಣಗಳ ದೊಡ್ಡ ಹೋಟೆಲುಗಳಲ್ಲಿ ಪರದೇಶದ ಸೊಪ್ಪುಗಳಿಗೆ ಬೇಡಿಕೆ ಬಂದ ಮೇಲೆ ಟ್ಯಾರಗನ್ ಹೆಸರು ರೈತರ ಕಿವಿಗೂ ಬೀಳುತ್ತಿದೆ. ಬೀಜದ ಪೊಟ್ಟಣಗಳೂ ದೊರೆಯುತ್ತವೆ. ರೈತರು ಕೈ ಸುಟ್ಟುಕೊಳ್ಳುವ ಅಪಾಯ ಇರುವುದು ಈ ಪೊಟ್ಟಣದಲ್ಲಿಯೇ. ಆದುದರಿಂದ ಬೇಸಾಯ ಕ್ರಮಕ್ಕೆ ಮೊದಲು ಗಿಡದ ಗುರುತು, ಜಾತಿ ಮತ್ತು ಸ್ವಭಾವವನ್ನು ಸ್ವಲ್ಪ ವಿವರವಾಗಿ ತಿಳಿಯುವುದು ಅಗತ್ಯ.

ಒಂದೇ ಹೆಸರು, ಎರಡು ಗಿಡ

ಟ್ಯಾರಗನ್‌ನ ಸಸ್ಯಶಾಸ್ತ್ರೀಯ ಹೆಸರು ಆರ್ಟಿಮೀಸಿಯಾ ಡ್ರಾಕುಂಕ್ಯುಲಸ್. ಸೂರ್ಯಕಾಂತಿ, ಸೇವಂತಿಗೆ, ಚೆಂಡು ಹೂ ಇವೆಲ್ಲ ಇರುವ ಕುಟುಂಬವೇ ಇದರದೂ. ಡ್ರಾಕುಂಕ್ಯುಲಸ್ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಮರಿ ಘಟಸರ್ಪ. ಇದರ ಬೇರುಗಳು ಹಾವಿನಂತೆ ಒಂದಕ್ಕೊಂದು ಸುತ್ತಿಕೊಂಡು ಬೆಳೆಯುವುದರಿಂದ ಈ ಹೆಸರು ಬಂದಿತೆಂದು ಹೇಳುವುದುಂಟು. ಹಾವು ಕಡಿತಕ್ಕೆ ಇದು ಮದ್ದೆಂದು ಹಿಂದೆ ಯುರೋಪಿನವರು ನಂಬಿದ್ದರು. ಬೇರಿನ ರೂಪ ನೋಡಿ ಕಟ್ಟಿಕೊಂಡ ನಂಬಿಕೆಯೇ ಹೊರತು ಅದಕ್ಕೆ ಬೇರೆ ಆಧಾರವಿಲ್ಲ.

ಈ ಜಾತಿಯ ಕಾಡು ಗಿಡಗಳು ಸೈಬೀರಿಯ ಮತ್ತು ಮಧ್ಯ ಏಷ್ಯದ ಒಣ ಹುಲ್ಲುಗಾವಲುಗಳಲ್ಲಿ, ಉತ್ತರ ಅಮೆರಿಕದ ಪಶ್ಚಿಮ ಭಾಗದಲ್ಲಿ ಹೇರಳವಾಗಿವೆ. ಭಾರತದಲ್ಲಿಯೂ ಲಡಾಖ್ ಮತ್ತು ಲಾಹೌಲ್ ಪ್ರದೇಶದ ಚಳಿ ಬೆಟ್ಟಗಳಲ್ಲಿ ತಾನಾಗಿ ಬೆಳೆಯುತ್ತದೆ. ಮಳೆ ಕಡಿಮೆ, ಚಳಿ ಹೆಚ್ಚು, ನೀರು ನಿಲ್ಲದ ಕಲ್ಲು ನೆಲ ಇದರ ತವರು. ಬೇಸಾಯದ ಪ್ರತಿ ಹೆಜ್ಜೆಯಲ್ಲಿಯೂ ಈ ಮಾತನ್ನು ನೆನಪಿನಲ್ಲಿಡಬೇಕು.

ತೋಟದಲ್ಲಿ ಬೆಳೆಸುವ ಟ್ಯಾರಗನ್‌ನಲ್ಲಿ ಎರಡು ಬಗೆ. ಒಂದು ರಷ್ಯನ್ ಟ್ಯಾರಗನ್. ಇದು ಕಾಡು ಗಿಡಕ್ಕೆ ಹತ್ತಿರದ್ದು. ಆಳೆತ್ತರ ಬೆಳೆಯುತ್ತದೆ, ಹೂ ಬಿಟ್ಟು ಬೀಜ ಕಟ್ಟುತ್ತದೆ, ಯಾವ ನೆಲದಲ್ಲಾದರೂ ಬದುಕುತ್ತದೆ. ಇನ್ನೊಂದು ಫ್ರೆಂಚ್ ಟ್ಯಾರಗನ್. ಎತ್ತರ ಎರಡರಿಂದ ಮೂರು ಅಡಿ. ಎಲೆ ಕಿರಿದು, ಸೀಳಿಲ್ಲದ್ದು, ನುಣುಪು, ಹೊಳಪಿನ ಕಡು ಹಸಿರು. ಹೂ ಬಿಡುವುದೇ ಅಪರೂಪ, ಬಿಟ್ಟರೂ ಹಸಿರು ಹಳದಿಯ ಸಣ್ಣ ಮೊಗ್ಗುಗಳು ಪೂರ್ಣ ಅರಳದೆ ಜೋತು ಬೀಳುತ್ತವೆ. ಮೊಳೆಯಬಲ್ಲ ಬೀಜ ಇದರಲ್ಲಿ ಕಟ್ಟುವುದಿಲ್ಲ.

ಎರಡೂ ಒಂದೇ ಜಾತಿ, ಆದರೆ ಜೀವಕೋಶದಲ್ಲಿನ ವರ್ಣತಂತುಗಳ ಸಂಖ್ಯೆ ಬೇರೆ. ಈ ಜಾತಿಯ ಮೂಲ ಸಂಖ್ಯೆ 9. ಫ್ರೆಂಚ್ ಟ್ಯಾರಗನ್‌ನಲ್ಲಿ ಅದರ ನಾಲ್ಕು ಪಟ್ಟು, ಅಂದರೆ 36 ವರ್ಣತಂತುಗಳಿವೆ. ರಷ್ಯನ್ ಟ್ಯಾರಗನ್‌ನಲ್ಲಿ ಸಾಮಾನ್ಯವಾಗಿ ಹತ್ತು ಪಟ್ಟು, 90. ಪರಿಮಳದಲ್ಲಿಯೂ ವ್ಯತ್ಯಾಸ ಬಹಳ. ಫ್ರೆಂಚ್ ಗಿಡದ ಎಲೆಯಲ್ಲಿನ ಸುಗಂಧ ತೈಲದ ಬಹುಪಾಲು ಎಸ್ಟ್ರಗೋಲ್ ಎಂಬ ವಸ್ತು. ಇದಕ್ಕೆ ಮೀಥೈಲ್ ಚಾವಿಕಾಲ್ ಎಂದೂ ಹೆಸರು. ಸೋಂಪಿನಲ್ಲಿಯೂ ಕಾಮಕಸ್ತೂರಿಯ ಕೆಲವು ಬಗೆಗಳಲ್ಲಿಯೂ ಇದೇ ವಸ್ತು ಇರುವುದರಿಂದ ಟ್ಯಾರಗನ್ ಎಲೆಯನ್ನು ಮೊದಲ ಸಲ ಹಿಸುಕಿ ಮೂಸಿದವರಿಗೆ ಸೋಂಪಿನ ನೆನಪಾಗುತ್ತದೆ. ರಷ್ಯನ್ ಗಿಡದಲ್ಲಿ ಈ ವಸ್ತು ತೀರ ಕಡಿಮೆ. ಅದರ ಎಲೆ ಹಿಸುಕಿದರೆ ಹುಲ್ಲಿನ ವಾಸನೆ, ಬಾಯಿಗೆ ಹಾಕಿದರೆ ಮಂದವಾದ ಕಹಿ.

ಆದುದರಿಂದ 'ಟ್ಯಾರಗನ್ ಬೀಜ' ಎಂದು ಮಾರುವ ಪೊಟ್ಟಣದಲ್ಲಿ ಏನಿರುತ್ತದೆ ಎಂಬುದು ಸ್ಪಷ್ಟ. ಬೀಜವಿದ್ದರೆ ಅದು ಫ್ರೆಂಚ್ ಟ್ಯಾರಗನ್ ಅಲ್ಲ. ಪೊಟ್ಟಣದ ಮೇಲೆ ಯಾವ ಚಿತ್ರವಿರಲಿ, ಯಾವ ಹೆಸರಿರಲಿ, ಇದರಲ್ಲಿ ವ್ಯತ್ಯಾಸವಿಲ್ಲ. ಇಂಥ ಬೀಜ ಬಿತ್ತಿದ ರೈತನಿಗೆ ಸಸಿಗಳು ಚೆನ್ನಾಗಿಯೇ ಬರುತ್ತವೆ, ಹುಲುಸಾಗಿಯೇ ಬೆಳೆಯುತ್ತವೆ. ನಾಲ್ಕು ತಿಂಗಳು ನೀರು, ಗೊಬ್ಬರ, ಆಳಿನ ಕೂಲಿ ಎಲ್ಲ ಹಾಕಿ ಸೊಪ್ಪನ್ನು ಹೋಟೆಲಿನ ಬಾಗಿಲಿಗೆ ಒಯ್ದಾಗ ಅಡುಗೆಯವನು ಒಂದು ಎಲೆ ಬಾಯಿಗೆ ಹಾಕಿಕೊಂಡು ಕಟ್ಟನ್ನು ಹಿಂದಕ್ಕೆ ಕೊಡುತ್ತಾನೆ. ಬೆಳೆ ಕೆಟ್ಟಿದ್ದರೆ ಬೇಗ ತಿಳಿಯುತ್ತಿತ್ತು. ಬೆಳೆ ಚೆನ್ನಾಗಿದ್ದು ಗಿಡವೇ ಬೇರೆಯಾದರೆ ನಷ್ಟ ತಿಳಿಯುವುದು ಕೊನೆಯ ದಿನ.

ಗಿಡ ಕೊಳ್ಳುವಾಗ ಪರೀಕ್ಷೆ ಸುಲಭ. ಒಂದು ಎಳೆಯ ಎಲೆಯನ್ನು ಮುಂದಿನ ಹಲ್ಲಿನಿಂದ ಕಚ್ಚಿ ನಾಲಿಗೆಯ ತುದಿಯಲ್ಲಿಡಬೇಕು. ಸೋಂಪಿನಂತಹ ಸಿಹಿ ವಾಸನೆ ಬಂದು, ಸ್ವಲ್ಪ ಹೊತ್ತಿನಲ್ಲಿ ನಾಲಿಗೆ ಜುಮ್ಮೆಂದು ತುಸು ಮರಗಟ್ಟಿದಂತಾದರೆ ಅದು ಫ್ರೆಂಚ್. ಅಕ್ಕಲಕರೆ ಜಗಿದವರಿಗೆ ಈ ಜುಮ್ಮೆನ್ನುವಿಕೆ ಗೊತ್ತು, ಆದರೆ ಇಲ್ಲಿ ಅದರ ಅರ್ಧವೂ ಇರುವುದಿಲ್ಲ. ಹುಲ್ಲು ಜಗಿದಂತಾದರೆ ಕೊಳ್ಳಬಾರದು. ತೀರ ಸಣ್ಣ ಸಸಿಯಲ್ಲಿ ಪರಿಮಳ ಕಡಿಮೆ ಇರುವುದರಿಂದ ತಾಯಿ ಗಿಡದ ಎಲೆಯನ್ನೇ ಕೇಳಿ ನೋಡುವುದು ಒಳ್ಳೆಯದು.

ಬೀಜವಿಲ್ಲದ ಗಿಡದ ಕಥೆ

ಬೀಜ ಕಟ್ಟದ ಗಿಡ ಹುಟ್ಟುವುದಾದರೂ ಹೇಗೆ ಎಂಬ ಪ್ರಶ್ನೆ ಹಿಂದಿನವರನ್ನೂ ಕಾಡಿತ್ತು. ಅಗಸೆ ಬೀಜವನ್ನು ಮೂಲಂಗಿಯ ಗಡ್ಡೆಯೊಳಗೆ ಸೇರಿಸಿ ನೆಟ್ಟರೆ ಟ್ಯಾರಗನ್ ಹುಟ್ಟುತ್ತದೆ ಎಂಬ ನಂಬಿಕೆ ಯುರೋಪಿನಲ್ಲಿತ್ತು. ಇಂಗ್ಲೆಂಡಿನ ಜಾನ್ ಜೆರಾರ್ಡ್ 1597ರಲ್ಲಿ ಪ್ರಕಟಿಸಿದ ಗಿಡಮೂಲಿಕೆಗಳ ಗ್ರಂಥದಲ್ಲಿ ಇಂತಹ ಕಥೆಗಳ ಪ್ರಸ್ತಾಪವಿದೆ. ಇಂದು ನಗು ಬರುವ ಮಾತಾದರೂ ಅದರ ಹಿಂದೆ ನಿಜವಾದ ಗಮನಿಕೆ ಇತ್ತು: ತೋಟದ ಟ್ಯಾರಗನ್‌ನಲ್ಲಿ ಬೀಜವನ್ನು ಅವರು ಕಂಡಿರಲಿಲ್ಲ.

ಇಂದು ಜಗತ್ತಿನಲ್ಲಿರುವ ಒಂದೊಂದು ಫ್ರೆಂಚ್ ಟ್ಯಾರಗನ್ ಗಿಡವೂ ಇನ್ನೊಂದು ಗಿಡದ ಬೇರಿನ ಅಥವಾ ಕಾಂಡದ ತುಂಡು. ಆ ಗಿಡವೂ ಮತ್ತೊಂದರ ತುಂಡು. ನೂರಾರು ವರ್ಷಗಳಿಂದ ತೋಟಗಾರರು ಪ್ರತಿ ಎರಡು ಮೂರು ವರ್ಷಕ್ಕೊಮ್ಮೆ ಅಗೆದು, ಬಿಡಿಸಿ, ನೆಟ್ಟುಕೊಂಡು ಬಂದುದರಿಂದಲೇ ಇದು ಉಳಿದಿದೆ. ನಮ್ಮ ಬಾಳೆ, ಮಲ್ಲಿಗೆಗಳ ಸ್ಥಿತಿಯೂ ಬಹುಮಟ್ಟಿಗೆ ಹೀಗೆಯೇ. ಒಂದು ಊರಿನ ತೋಟಗಾರರು ನಾಲ್ಕೈದು ವರ್ಷ ಬಿಡಿಸಿ ನೆಡುವುದನ್ನು ಬಿಟ್ಟರೆ ಆ ಊರಿನ ತಳಿ ಅಲ್ಲಿಗೇ ಮುಗಿಯಿತು. ದವನದ ವಿಷಯ ಇದಕ್ಕೆ ಪೂರ್ತಿ ವಿರುದ್ಧ. ದವನ ಒಂದೇ ಋತುವಿನ ಬೆಳೆ, ಬೀಜದಿಂದಲೇ ಸಸಿ ಮಾಡಬೇಕು, ಬೀಜ ಬಹಳ ಕಾಲ ಇಟ್ಟರೆ ಮೊಳೆಯುವುದಿಲ್ಲವಾದುದರಿಂದ ಪ್ರತಿ ವರ್ಷ ಹೊಸ ಬೀಜ ಎತ್ತಿಡಬೇಕು. ಒಂದೇ ಕುಲದ ಎರಡು ಗಿಡಗಳಲ್ಲಿ ಇಷ್ಟು ಅಂತರ.

ಹವಾಗುಣ

ಫ್ರಾನ್ಸಿನಲ್ಲಿ ಟ್ಯಾರಗನ್ ವರ್ಷದ ಚಕ್ರ ಹೀಗಿರುತ್ತದೆ. ಮಾರ್ಚ್ ಏಪ್ರಿಲ್‌ನಲ್ಲಿ ನೆಲದೊಳಗಿನ ಬೇರಿನಿಂದ ಚಿಗುರು ಮೇಲೆ ಬರುತ್ತದೆ. ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಸೊಪ್ಪು. ಹಗಲು ಕಿರಿದಾಗಿ ಚಳಿ ಹತ್ತಿದಂತೆ ಬೆಳವಣಿಗೆ ನಿಲ್ಲುತ್ತದೆ. ಹಿಮ ಬಿದ್ದ ಮೇಲೆ ನೆಲದ ಮೇಲಿನ ಭಾಗವೆಲ್ಲ ಒಣಗಿ, ಬೇರು ಮಾತ್ರ ಸುಪ್ತಾವಸ್ಥೆಯಲ್ಲಿ ಉಳಿಯುತ್ತದೆ. ಈ ಚಳಿ ನಿದ್ರೆ ಅದಕ್ಕೆ ತೊಂದರೆಯಲ್ಲ, ಅಗತ್ಯ. ಚಳಿಯುಂಡ ಬೇರು ಮರುವರ್ಷ ಬಲವಾಗಿ ಚಿಗುರುತ್ತದೆ. ಚಳಿಗಾಲದಲ್ಲೂ ಸೊಪ್ಪು ಮಾರಬೇಕೆನ್ನುವ ಬೆಳೆಗಾರರು ಬೇರುಗಳಿಗೆ ಮೊದಲು ಚಳಿ ಕೊಟ್ಟು, ಅನಂತರ ಗಾಜಿನ ಮನೆಯಲ್ಲಿ ನೆಟ್ಟು, ದೀಪ ಉರಿಸಿ ಹಗಲನ್ನು ಉದ್ದ ಮಾಡುತ್ತಾರೆ.

ಕರ್ನಾಟಕದ ಬಯಲುಸೀಮೆಯಲ್ಲಿ ಈ ಎರಡು ಸೌಕರ್ಯಗಳೂ ಇಲ್ಲ. ಪ್ಯಾರಿಸ್ಸಿನಲ್ಲಿ ಜೂನ್ ತಿಂಗಳ ಹಗಲು ಸುಮಾರು 16 ಗಂಟೆ. ಬೆಂಗಳೂರಿನಲ್ಲಿ ವರ್ಷದ ಅತಿ ಉದ್ದದ ಹಗಲೂ 13 ಗಂಟೆ ಮುಟ್ಟುವುದಿಲ್ಲ. ಚಳಿಗಾಲವೂ ಬೇರನ್ನು ಮಲಗಿಸುವಷ್ಟು ತಣ್ಣಗಿರುವುದಿಲ್ಲ. ಗಿಡ ಪೂರ್ತಿ ಬೆಳೆಯದೆ, ಪೂರ್ತಿ ನಿದ್ರಿಸದೆ ದಿನದಿನಕ್ಕೆ ಸೊರಗುತ್ತದೆ. ಇದರ ಮೇಲೆ ಮುಂಗಾರಿನ ಜಡಿಮಳೆಯಲ್ಲಿ ಬೇರು ಕೊಳೆಯುತ್ತದೆ. ಅಮೆರಿಕದ ದಕ್ಷಿಣದ ಬಿಸಿ ರಾಜ್ಯಗಳ ತೋಟಗಾರರ ಅನುಭವವೂ ಇದೇ. ಆದುದರಿಂದ ಫ್ರೆಂಚ್ ಟ್ಯಾರಗನ್ ಬಯಲುಸೀಮೆಯಲ್ಲಿ ಎಕರೆಗಟ್ಟಲೆ ಹಾಕುವ ಬೆಳೆಯಲ್ಲ ಎಂದು ನೇರವಾಗಿ ಹೇಳುವುದೇ ಮೇಲು. ಹಿಮಾಲಯದ ತಪ್ಪಲಿನ ಚಳಿ ಕಣಿವೆಗಳಲ್ಲಿ ಹಾಗೂ ಎತ್ತರದ ಒಣ ಪ್ರದೇಶಗಳಲ್ಲಿ ಇದಕ್ಕೆ ಒಪ್ಪುವ ಹವೆಯಿದೆ. ನಮ್ಮಲ್ಲಿ ಕುತೂಹಲವುಳ್ಳವರು ನಾಲ್ಕಾರು ಕುಂಡಗಳಲ್ಲಿ, ಮಳೆ ಬೀಳದ ಜಗಲಿಯಲ್ಲಿ ಇಟ್ಟು ನೋಡಬಹುದು. ಒಂದು ವರ್ಷ ಕುಂಡದಲ್ಲಿ ಉಳಿಯದ ಗಿಡವನ್ನು ಹೊಲಕ್ಕೆ ಇಳಿಸುವ ಸಾಹಸ ಬೇಡ.

ಮಣ್ಣು ಮತ್ತು ಭೂಮಿ ಸಿದ್ಧತೆ

ನೀರು ಬಸಿದು ಹೋಗುವ ಮರಳು ಮಿಶ್ರಿತ ಗೋಡು ಮಣ್ಣು ಒಳ್ಳೆಯದು. ಮಣ್ಣಿನ ರಸಸಾರ 6.5 ರಿಂದ 7.5 ಇರಬೇಕು. ಹುಳಿ ಮಣ್ಣಾದರೆ ಸುಣ್ಣ ಹಾಕಿ ಸರಿಪಡಿಸಬೇಕು. ಎರೆ ಭೂಮಿ, ತಗ್ಗು ಭೂಮಿ, ನೀರು ಜಿನುಗುವ ಜಾಗ ಇದಕ್ಕೆ ಸಲ್ಲದು. ಟ್ಯಾರಗನ್ ಚಳಿಗೆ ಸಾಯುವುದಕ್ಕಿಂತ ಚಳಿಗಾಲದ ಕೆಸರಿಗೆ ಸಾಯುವುದೇ ಹೆಚ್ಚು. ಜಿಗುಟು ಮಣ್ಣಿರುವ ಕಡೆ 20 ರಿಂದ 25 ಸೆಂಟಿಮೀಟರ್ ಎತ್ತರದ ಮಡಿ ಮಾಡಿ, ಮರಳು ಬೆರೆಸಿ ನೆಡುವುದು ವಾಡಿಕೆ.

ಬಿಸಿಲು ದಿನಕ್ಕೆ ಆರು ಗಂಟೆಯಾದರೂ ಬೀಳಬೇಕು. ಬೇಸಿಗೆ ಕಠಿಣವಾದ ಊರುಗಳಲ್ಲಿ ಮಧ್ಯಾಹ್ನದ ನಂತರ ನೆರಳು ಬೀಳುವ ಜಾಗ ವಾಸಿ. ಭೂಮಿ ಸಿದ್ಧತೆಯ ಕಾಲಕ್ಕೆ ಒಂದು ಚದರ ಮೀಟರಿಗೆ ಸುಮಾರು 2 ಕಿಲೋ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸಾಕು. ಸಾರಜನಕ ಹೆಚ್ಚಾದರೆ ಗಿಡ ನೀಳವಾಗಿ ಮೆತ್ತಗೆ ಬೆಳೆದು ಪರಿಮಳ ಕಡಿಮೆಯಾಗುತ್ತದೆ. ಯೂರಿಯಾ ಸುರಿದು ಸೊಪ್ಪಿನ ತೂಕ ಹೆಚ್ಚಿಸುವ ಅಭ್ಯಾಸ ಇಲ್ಲಿ ನಡೆಯದು, ಏಕೆಂದರೆ ಕೊಳ್ಳುವವನು ಬೆಲೆ ಕೊಡುವುದು ವಾಸನೆಗೆ.

ಸಸ್ಯಾಭಿವೃದ್ಧಿ

ಮೂರು ವಿಧಾನಗಳಿವೆ. ಮೊದಲನೆಯದು ಬುಡ ಬಿಡಿಸುವುದು. ಎರಡು ಮೂರು ವರ್ಷ ವಯಸ್ಸಿನ ಗಿಡವನ್ನು ವಸಂತಕಾಲದಲ್ಲಿ, ಚಿಗುರು ಎರಡು ಮೂರು ಸೆಂಟಿಮೀಟರ್ ಮೇಲೆ ಬಂದಾಗ ಸುತ್ತಲೂ ಅಗೆದು ಎತ್ತಬೇಕು. ಬೇರುಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಗುದ್ದಲಿಯಿಂದ ಕಡಿಯದೆ ಮಣ್ಣು ಕೊಡವಿ ಕೈಯಿಂದಲೇ ಬಿಡಿಸುವುದು ಒಳ್ಳೆಯದು. ಬೇರು ಬಹಳ ಎಳಸು, ಕಡಿದ ಕಡೆ ಕೊಳೆ ಹತ್ತುತ್ತದೆ. ಒಂದೊಂದು ತುಂಡಿನಲ್ಲಿಯೂ ಎರಡು ಮೂರು ಚಿಗುರು ಇರುವಂತೆ ಬಿಡಿಸಿ ಕೂಡಲೇ ನೆಡಬೇಕು. ನಡುವಿನ ಹಳೆಯ ಒರಟು ಬೊಡ್ಡೆಯನ್ನು ಬಿಸಾಡಿ ಹೊರ ಅಂಚಿನ ಎಳೆಯ ಭಾಗಗಳನ್ನು ಮಾತ್ರ ಬಳಸಬೇಕು.

ಎರಡನೆಯದು ಬೇರಿನ ತುಂಡು. ನೆಲದಡಿ ಹರಿಯುವ ಬಿಳಿಯ ಬೇರುಕಾಂಡವನ್ನು 5 ರಿಂದ 8 ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿ, 4 ಸೆಂಟಿಮೀಟರ್ ಆಳದಲ್ಲಿ ಅಡ್ಡಲಾಗಿ ಇಟ್ಟು ಮಣ್ಣು ಮುಚ್ಚಬೇಕು. ಪುದೀನ ನೆಟ್ಟು ಅಭ್ಯಾಸವಿರುವವರಿಗೆ ಇದು ಹೊಸದಲ್ಲ. ಆದರೆ ಪುದೀನದಂತೆ ಕೈಗೆ ಸಿಕ್ಕ ತುಂಡೆಲ್ಲ ಚಿಗುರುತ್ತದೆಂದು ಎಣಿಸಬಾರದು.

ಮೂರನೆಯದು ಕಾಂಡದ ತುದಿ. ಬೇಸಿಗೆಯ ಆರಂಭದಲ್ಲಿ 8 ರಿಂದ 10 ಸೆಂಟಿಮೀಟರ್ ಉದ್ದದ ಎಳೆಯ ತುದಿಗಳನ್ನು ಕತ್ತರಿಸಿ, ಕೆಳಗಿನ ಎಲೆ ತೆಗೆದು, ಮರಳು ಮಿಶ್ರಣದಲ್ಲಿ ನೆಟ್ಟು ನೆರಳಿನಲ್ಲಿ ಇಟ್ಟರೆ ಮೂರು ನಾಲ್ಕು ವಾರದಲ್ಲಿ ಬೇರು ಬರುತ್ತದೆ. ಒಂದು ತಾಯಿ ಗಿಡದಿಂದ ಹೆಚ್ಚು ಸಸಿ ಬೇಕಾದಾಗ ಇದೇ ಉತ್ತಮ.

ಬೀಜವಿಲ್ಲದ ಬೆಳೆಯಲ್ಲಿ ಸಸಿಯ ಲೆಕ್ಕವನ್ನು ಮೊದಲೇ ಹಾಕಬೇಕು. ಸಾಲಿನಿಂದ ಸಾಲಿಗೆ 60 ಸೆಂಟಿಮೀಟರ್, ಗಿಡದಿಂದ ಗಿಡಕ್ಕೆ 45 ಸೆಂಟಿಮೀಟರ್ ಅಂತರದಲ್ಲಿ ಒಂದು ಗುಂಟೆಗೆ ಸುಮಾರು 375, ಎಕರೆಗೆ ಸುಮಾರು 15,000 ಗಿಡ ಹಿಡಿಸುತ್ತವೆ. ಒಂದು ಗಿಡದಿಂದ ವರ್ಷಕ್ಕೆ ಐದು ತುಂಡು ಬಿಡಿಸಬಹುದೆಂದೂ ಒಂದೂ ಸಾಯುವುದಿಲ್ಲವೆಂದೂ ಎಣಿಸಿದರೆ ಎರಡನೆಯ ವರ್ಷ 25, ಮೂರನೆಯ ವರ್ಷ 125, ನಾಲ್ಕನೆಯ ವರ್ಷ 625. ಒಂದು ಎಕರೆಗೆ ಸಾಕಾಗುವಷ್ಟು ಗಿಡ ಆಗಬೇಕಾದರೆ ಆರನೆಯ ವರ್ಷ ಬರಬೇಕು. ಕಾಂಡದ ತುದಿಗಳನ್ನೂ ಬಳಸಿದರೆ ಕಾಲ ಕಡಿಮೆಯಾಗುತ್ತದೆ ನಿಜ. ಆದರೂ 'ಬರುವ ತಿಂಗಳಿಗೆ ಎಕರೆಗೆ ಬೇಕಾದಷ್ಟು ಸಸಿ ಕೊಡುತ್ತೇವೆ' ಎಂದು ಯಾರಾದರೂ ಹೇಳಿದರೆ, ಅವರ ತಾಯಿ ಗಿಡಗಳ ಮಡಿ ಎಷ್ಟು ದೊಡ್ಡದಿದೆ ಎಂದು ಹೋಗಿ ನೋಡಿಕೊಂಡು ಬರಬೇಕು.

ನೆಟ್ಟ ನಂತರದ ಆರೈಕೆ

ನೆಟ್ಟ ಮೊದಲ ತಿಂಗಳು ಮಣ್ಣು ಒಣಗದಂತೆ ನೋಡಿಕೊಂಡರೆ ಸಾಕು. ಬೇರು ಹಿಡಿದ ಮೇಲೆ ಮೇಲ್ಮಣ್ಣು ಒಣಗಿದ ನಂತರವೇ ನೀರು. ಸಂಜೆಯ ವೇಳೆ ಎಲೆಯ ಮೇಲೆ ನೀರು ಚಿಮುಕಿಸುವುದನ್ನು ಬಿಡಬೇಕು. ಗಿಡ ಕುಳ್ಳಾಗಿರುವುದರಿಂದ ಕಳೆ ಬೇಗ ಮುಚ್ಚಿಕೊಳ್ಳುತ್ತದೆ. ಬೇರು ಮೇಲೆಮೇಲೆಯೇ ಹರಡುವುದರಿಂದ ಆಳವಾಗಿ ಕುಂಟೆ ಹೊಡೆಯದೆ ಕೈಯಿಂದಲೇ ಕಳೆ ಕೀಳುವುದು ಸೂಕ್ತ. ಹೂ ಮೊಗ್ಗು ಕಂಡಾಗ ಚಿವುಟಿ ತೆಗೆದರೆ ಹೊಸ ಕವಲು ಒಡೆಯುತ್ತದೆ. ಹಿಮ ಬೀಳುವ ಊರುಗಳಲ್ಲಿ ಚಳಿಗಾಲಕ್ಕೆ ಮುಂಚೆ ಒಣಗಿದ ಕಾಂಡ ಕತ್ತರಿಸಿ ಬುಡಕ್ಕೆ ಹುಲ್ಲು ಹೊದಿಸುತ್ತಾರೆ.

ಮುಖ್ಯ ರೋಗ ತುಕ್ಕು ರೋಗ. ಎಲೆಯ ಅಡಿಭಾಗದಲ್ಲಿ ಕಂದು ಪುಡಿಯ ಸಣ್ಣ ಗುಳ್ಳೆಗಳು ಏಳುತ್ತವೆ, ಎಲೆ ಹಳದಿಯಾಗಿ ಉದುರುತ್ತದೆ. ಸೊಪ್ಪನ್ನು ಹಸಿಯಾಗಿ ತಿನ್ನುವುದರಿಂದ ಔಷಧಿ ಸಿಂಪರಣೆಗೆ ಕೈ ಹಾಕದೆ, ರೋಗ ತಗುಲಿದ ಗಿಡವನ್ನು ನೆಲಮಟ್ಟಕ್ಕೆ ಕತ್ತರಿಸಿ ಸುಡುವುದು, ಗಾಳಿಯಾಡುವಂತೆ ಅಂತರ ಬಿಡುವುದು, ಹೊಸ ಮಡಿಗೆ ಹೊಸ ಜಾಗ ಆರಿಸುವುದು ಉತ್ತಮ. ಒಂದೇ ಗಿಡದ ತುಂಡುಗಳೇ ಮಡಿಯೆಲ್ಲ ತುಂಬಿರುವುದರಿಂದ ಒಂದಕ್ಕೆ ತಗುಲುವ ರೋಗ ಎಲ್ಲಕ್ಕೂ ತಗುಲುತ್ತದೆ ಎಂಬುದನ್ನು ಮರೆಯಬಾರದು. ಬೇರು ಕೊಳೆ ರೋಗಕ್ಕೆ ನೀರು ಬಸಿದು ಹೋಗುವಂತೆ ಮಾಡುವುದೊಂದೇ ದಾರಿ. ಮೂರು ನಾಲ್ಕು ವರ್ಷಕ್ಕೊಮ್ಮೆ ಮಡಿಯನ್ನು ಬಿಡಿಸಿ ಹೊಸದಾಗಿ ನೆಡದಿದ್ದರೆ ನಡುಭಾಗ ಒರಟಾಗಿ ಸಾಯುತ್ತದೆ, ಪರಿಮಳವೂ ಇಳಿಯುತ್ತದೆ.

ಕೊಯ್ಲು ಮತ್ತು ಸಂಗ್ರಹ

ನೆಟ್ಟ ವರ್ಷ ಹಗುರವಾಗಿ ಕೊಯ್ಯಬೇಕು. ಎರಡನೆಯ ವರ್ಷದಿಂದ ಋತುವಿಗೆ ಎರಡು ಮೂರು ಕೊಯ್ಲು ಸಿಗುತ್ತದೆ. ಇಬ್ಬನಿ ಆರಿದ ಮೇಲೆ, ಬಿಸಿಲು ಏರುವ ಮೊದಲು, ನೆಲದಿಂದ 8 ರಿಂದ 10 ಸೆಂಟಿಮೀಟರ್ ಬಿಟ್ಟು ಹರಿತವಾದ ಕುಡುಗೋಲಿನಿಂದ ಕತ್ತರಿಸಬೇಕು. ಎಲೆಯನ್ನು ತಿರುಚಿದರೆ ಆ ಜಾಗ ಕಪ್ಪಾಗುತ್ತದೆ. ಕೊತ್ತಂಬರಿ ಕಟ್ಟನ್ನು ಮೂಟೆಯಲ್ಲಿ ಒತ್ತಿ ತುಂಬುವಂತೆ ಇದನ್ನು ತುಂಬಿದರೆ ಪೇಟೆ ಸೇರುವ ಹೊತ್ತಿಗೆ ಅರ್ಧ ಕಪ್ಪಾಗಿರುತ್ತದೆ.

ಒಣಗಿಸುವುದಾದರೆ ನೆರಳಿನಲ್ಲಿ, 35 ಡಿಗ್ರಿ ಸೆಂಟಿಗ್ರೇಡ್ ಮೀರದಂತೆ ಒಣಗಿಸಬೇಕು. ಎಷ್ಟೇ ಎಚ್ಚರ ವಹಿಸಿದರೂ ಒಣಗಿದ ಟ್ಯಾರಗನ್‌ನಲ್ಲಿ ಹಸಿಯದರ ಸೊಗಸು ಇರುವುದಿಲ್ಲ. ಸೋಂಪಿನ ವಾಸನೆ ಹೋಗಿ ಒಣ ಹುಲ್ಲಿನ ವಾಸನೆ ಉಳಿಯುತ್ತದೆ. ಆದುದರಿಂದ ಫ್ರಾನ್ಸಿನ ಗೃಹಿಣಿಯರು ಒಣಗಿಸುವುದಕ್ಕಿಂತ ವಿನೆಗರ್‌ನಲ್ಲಿ ಹಾಕಿಡುವುದನ್ನೇ ಇಷ್ಟಪಡುತ್ತಾರೆ. ತೊಳೆದು ಪೂರ್ತಿ ಆರಿಸಿದ ನಾಲ್ಕೈದು ಕಡ್ಡಿಗಳನ್ನು ಅರ್ಧ ಲೀಟರ್ ಬಿಳಿ ವಿನೆಗರ್ ಇರುವ ಗಾಜಿನ ಸೀಸೆಯಲ್ಲಿ ಮುಳುಗಿಸಿ, ಬಿರಡೆ ಹಾಕಿ ಎರಡು ಮೂರು ವಾರ ಕತ್ತಲೆಯಲ್ಲಿ ಇಟ್ಟು ಸೋಸಬೇಕು. ಸೊಪ್ಪಿನಲ್ಲಿ ನೀರಿನ ಪಸೆ ಉಳಿದರೆ ವಿನೆಗರ್ ಮಂದವಾಗುತ್ತದೆ. ಸಣ್ಣಗೆ ಹೆಚ್ಚಿ ಬೆಣ್ಣೆಯಲ್ಲಿ ಕಲಸಿ ಶೀತಲ ಪೆಟ್ಟಿಗೆಯಲ್ಲಿ ಗಟ್ಟಿಯಾಗಿಸಿಡುವುದು ಇನ್ನೊಂದು ಕ್ರಮ. ಬೆಣ್ಣೆಯ ಜಿಡ್ಡು ಪರಿಮಳವನ್ನು ಹಿಡಿದಿಡುತ್ತದೆ.

ಅಡುಗೆಯಲ್ಲಿ ಬಳಕೆ

ಟ್ಯಾರಗನ್ ಒಗ್ಗರಣೆಯ ಸೊಪ್ಪಲ್ಲ. ಕಾದ ಎಣ್ಣೆಗೆ ಹಾಕಿದರೆ ಪರಿಮಳ ಆವಿಯಾಗಿ ಹೋಗುತ್ತದೆ. ಅಡುಗೆ ಇಳಿಸುವ ಕೊನೆಯ ಐದು ನಿಮಿಷದಲ್ಲಿ ಅಥವಾ ಇಳಿಸಿದ ಮೇಲೆ ಹಾಕಬೇಕು. ಪ್ರಮಾಣದಲ್ಲಿ ಜಿಪುಣತನವೇ ಒಳ್ಳೆಯದು. ನಾಲ್ಕು ಜನರ ಅಡುಗೆಗೆ ಹೆಚ್ಚಿದ ಹಸಿ ಎಲೆ ಒಂದು ದೊಡ್ಡ ಚಮಚ, ಒಣಗಿದ್ದಾದರೆ ಒಂದು ಸಣ್ಣ ಚಮಚ. ಬೇರೆ ಮಸಾಲೆಗಳ ಜೊತೆ ಇದು ಹೊಂದುವುದಿಲ್ಲ. ಮೆಣಸಿನಕಾಯಿ, ಇಂಗು, ಬೆಳ್ಳುಳ್ಳಿಯ ಖಾರದಲ್ಲಿ ಟ್ಯಾರಗನ್ ಹಾಕಿದರೆ ಹಾಕಿದ್ದೇ ತಿಳಿಯುವುದಿಲ್ಲ. ಮೊಟ್ಟೆ, ಕೋಳಿ, ಮೀನು, ಬೆಣ್ಣೆ, ಕೆನೆ, ಆಲೂಗಡ್ಡೆ, ಅಣಬೆ, ಬಟಾಣಿ ಮೊದಲಾದ ಸಪ್ಪೆ ಪದಾರ್ಥಗಳೇ ಇದಕ್ಕೆ ಜೋಡಿ.

ಫ್ರೆಂಚರು ಪಾರ್ಸ್ಲಿ, ಚರ್ವಿಲ್, ಚೈವ್ಸ್ ಮತ್ತು ಟ್ಯಾರಗನ್ ಈ ನಾಲ್ಕನ್ನು ಹಸಿಯಾಗಿ ಸಣ್ಣಗೆ ಹೆಚ್ಚಿ ಬೆರೆಸಿ 'ಫೀನ್ ಜೆರ್ಬ್' ಎನ್ನುತ್ತಾರೆ. ಮೊಟ್ಟೆಯ ಆಮ್ಲೆಟ್‌ಗೆ ಈ ಮಿಶ್ರಣ ಪ್ರಸಿದ್ಧ. ನಾಲ್ಕರಲ್ಲಿ ಟ್ಯಾರಗನ್ ಪ್ರಮಾಣ ಉಳಿದವಕ್ಕಿಂತ ಕಡಿಮೆ ಇರುತ್ತದೆ, ಇಲ್ಲವಾದರೆ ಉಳಿದ ಮೂರನ್ನೂ ಇದೇ ನುಂಗಿಬಿಡುತ್ತದೆ.

ಇನ್ನೊಂದು ಹೆಸರುವಾಸಿ ತಯಾರಿಕೆ ಬೇರ್ನೇಸ್ ಸಾಸ್. ಪ್ಯಾರಿಸ್ ಬಳಿಯ ಸ್ಯಾಂ ಜೆರ್ಮ್ಯಾಂ ಆನ್ ಲೇ ಊರಿನ ಒಂದು ಹೋಟೆಲಿನಲ್ಲಿ 1830ರ ದಶಕದಲ್ಲಿ ಇದು ಹುಟ್ಟಿತೆಂದು ಹೇಳುತ್ತಾರೆ. ನಾಲ್ಕು ದೊಡ್ಡ ಚಮಚ ವಿನೆಗರ್, ಸಣ್ಣಗೆ ಹೆಚ್ಚಿದ ಎರಡು ಸಾಂಬಾರ್ ಈರುಳ್ಳಿ, ಜಜ್ಜಿದ ಕಾಳುಮೆಣಸು, ಟ್ಯಾರಗನ್‌ನ ಎರಡು ಕಡ್ಡಿ ಇವನ್ನು ಕುದಿಸಿ ಮೂರನೇ ಒಂದು ಭಾಗಕ್ಕೆ ಇಳಿಸಿ ಸೋಸಬೇಕು. ಆರಿದ ಮೇಲೆ ಮೂರು ಮೊಟ್ಟೆಯ ಹಳದಿ ಭಾಗ ಸೇರಿಸಿ, ಪಾತ್ರೆಯನ್ನು ಬಿಸಿನೀರಿನ ಮೇಲಿಟ್ಟು ಬಿಡದೆ ಕಡೆಯಬೇಕು. ಮಂದವಾಗುತ್ತ ಬಂದಾಗ ಕರಗಿಸಿದ 150 ಗ್ರಾಂ ಬೆಣ್ಣೆಯನ್ನು ಎಳೆಯಾಗಿ ಹೊಯ್ಯುತ್ತ ಕಡೆಯುವುದನ್ನು ಮುಂದುವರಿಸಬೇಕು. ಉರಿ ಹೆಚ್ಚಾದರೆ ಮೊಟ್ಟೆ ಒಡೆದು ಗಂಟಾಗುತ್ತದೆ. ಕೊನೆಗೆ ಉಪ್ಪು, ಹೆಚ್ಚಿದ ಹಸಿ ಟ್ಯಾರಗನ್. ಇದನ್ನು ಸುಟ್ಟ ಮಾಂಸ ಅಥವಾ ಮೀನಿನ ಜೊತೆ ಬಡಿಸುತ್ತಾರೆ.

ಟ್ಯಾರಗನ್ ಕೋಳಿ ಇದಕ್ಕಿಂತ ಸುಲಭ. ಒಂದು ಕಿಲೋ ಕೋಳಿ ತುಂಡುಗಳನ್ನು ಬೆಣ್ಣೆಯಲ್ಲಿ ಹೊಂಬಣ್ಣಕ್ಕೆ ಹುರಿದು, ಒಂದು ಬಟ್ಟಲು ಕೋಳಿ ಬೇಯಿಸಿದ ನೀರು, ಟ್ಯಾರಗನ್‌ನ ಎರಡು ಕಡ್ಡಿ ಹಾಕಿ ಮುಚ್ಚಿ ಬೇಯಿಸಬೇಕು. ಬೆಂದ ಮೇಲೆ ಕಡ್ಡಿ ತೆಗೆದು, ಅರ್ಧ ಬಟ್ಟಲು ಕೆನೆ ಸೇರಿಸಿ ಒಂದು ಕುದಿ ಬರಿಸಿ, ಹೆಚ್ಚಿದ ಹಸಿ ಎಲೆ ಉದುರಿಸಿ ಇಳಿಸಬೇಕು. ಸಸ್ಯಾಹಾರಿಗಳು ಕೋಳಿಯ ಬದಲು ಅಣಬೆ ಅಥವಾ ಬೇಯಿಸಿದ ಆಲೂಗಡ್ಡೆಗೆ ಇದೇ ಕ್ರಮ ಅನುಸರಿಸಬಹುದು. ಅಣಬೆಗಂತೂ ಬಹಳ ಹೊಂದುತ್ತದೆ.

ಫ್ರಾನ್ಸಿನಿಂದ ಪೂರ್ವಕ್ಕೆ ಹೋದಂತೆ ಬಳಕೆಯ ರೀತಿ ಬದಲಾಗುತ್ತದೆ. ಸ್ಲೊವೇನಿಯದಲ್ಲಿ ಟ್ಯಾರಗನ್ ತುಂಬಿದ ಸಿಹಿ ಸುರುಳಿ ರೊಟ್ಟಿ ಮಾಡುತ್ತಾರೆ. ಜಾರ್ಜಿಯ ದೇಶದಲ್ಲಿ ಈಸ್ಟರ್ ಹಬ್ಬಕ್ಕೆ ಕುರಿಮರಿಯ ಮಾಂಸ, ಹುಳಿ ಪ್ಲಮ್ ಕಾಯಿ ಮತ್ತು ಕಟ್ಟುಗಟ್ಟಲೆ ಟ್ಯಾರಗನ್ ಹಾಕಿ 'ಚಕಾಪುಲಿ' ಬೇಯಿಸುತ್ತಾರೆ. ಅಲ್ಲಿ ಇದು ಚಮಚದ ಲೆಕ್ಕದ ಸೊಪ್ಪಲ್ಲ, ನಾವು ಮೆಂತ್ಯ ಸೊಪ್ಪು ಬಳಸುವಂತೆ ಬಳಸುತ್ತಾರೆ. ಹಸಿರು ಬಣ್ಣದ 'ತರ್ಖೂನ' ಪಾನೀಯವೂ ಆ ದೇಶದ್ದೇ. ಇರಾನಿನಲ್ಲಿ ಊಟದ ಜೊತೆ ತಟ್ಟೆಯಲ್ಲಿ ಇಡುವ ಹಸಿ ಸೊಪ್ಪುಗಳಲ್ಲಿ ತರ್ಖೂನ್ ಒಂದು. ರಷ್ಯ, ಉಕ್ರೇನ್ ಕಡೆ ಸೌತೆಕಾಯಿಯ ಉಪ್ಪಿನಕಾಯಿ ಭರಣಿಗೆ ಇದರ ಕಡ್ಡಿ ಹಾಕುವುದುಂಟು.

ಒಂದು ಎಚ್ಚರಿಕೆ ಅಗತ್ಯ. ಎಸ್ಟ್ರಗೋಲ್ ಅನ್ನು ಹೆಚ್ಚಿನ ಪ್ರಮಾಣದಲ್ಲಿ ಇಲಿಗಳಿಗೆ ಕೊಟ್ಟಾಗ ಯಕೃತ್ತಿನಲ್ಲಿ ಗಂತಿಗಳು ಬೆಳೆದಿವೆ. 2001ರಲ್ಲಿ ಯುರೋಪಿನ ಆಹಾರ ವಿಜ್ಞಾನ ಸಮಿತಿ ಇದರ ಬಳಕೆಯನ್ನು ಕಡಿಮೆ ಮಾಡಬೇಕೆಂದು ಸಲಹೆ ನೀಡಿತು. ಅಡುಗೆಗೆ ಹಾಕುವ ನಾಲ್ಕೆಂಟು ಎಲೆಗೂ ಸೀಸೆಯಲ್ಲಿ ಮಾರುವ ತೈಲಕ್ಕೂ ಬಹಳ ವ್ಯತ್ಯಾಸವಿದೆ. ತೈಲವನ್ನು ಔಷಧಿಯೆಂದು ಕುಡಿಯಬಾರದು. ಗರ್ಭಿಣಿಯರು ಮತ್ತು ಎಳೆಯ ಮಕ್ಕಳ ವಿಷಯದಲ್ಲಿ ಕಷಾಯ ಮಾಡಿ ಕೊಡುವ ಅಭ್ಯಾಸವೂ ಬೇಡ.

ಬಿಸಿ ಸೀಮೆಗೆ ಬದಲಿ ಗಿಡ

ಬಿಸಿಲು ಹೆಚ್ಚಿರುವ ದೇಶಗಳಲ್ಲಿ ಫ್ರೆಂಚ್ ಟ್ಯಾರಗನ್ ಬದಲು ಬೆಳೆಸುವ ಗಿಡ ಟ್ಯಾಜಿಟಿಸ್ ಲುಸಿಡಾ. ಇದಕ್ಕೆ ಮೆಕ್ಸಿಕನ್ ಟ್ಯಾರಗನ್ ಎಂದು ಹೆಸರಾದರೂ ಟ್ಯಾರಗನ್ ಅಲ್ಲ, ನಮ್ಮ ಚೆಂಡು ಹೂವಿನ ಕುಲ. ತವರು ಮೆಕ್ಸಿಕೊ ಮತ್ತು ಗ್ವಾಟೆಮಾಲ. ಬಹುವಾರ್ಷಿಕ, ಬೀಜದಿಂದಲೂ ಕಡ್ಡಿಯಿಂದಲೂ ಬರುತ್ತದೆ, ಬಿಸಿಲನ್ನು ತಡೆಯುತ್ತದೆ. ಎಲೆಗೆ ಸೋಂಪಿನ ವಾಸನೆ ಫ್ರೆಂಚ್ ಗಿಡದಷ್ಟೇ ದಟ್ಟ, ಆದರೆ ನಯ ಕಡಿಮೆ. ಹಗಲು ಕಿರಿದಾದಾಗ ಬಂಗಾರ ಬಣ್ಣದ ಸಣ್ಣ ಹೂ ಬಿಡುತ್ತದೆ, ಆ ಹೂವನ್ನೂ ತಿನ್ನಬಹುದು. ನೀರು ನಿಲ್ಲುವುದು ಇದಕ್ಕೂ ಆಗದು.

ಹೋಟೆಲಿಗೆ ಸೊಪ್ಪು ಒದಗಿಸುವ ರೈತರು ಇದನ್ನು ಇದರ ಹೆಸರಿನಲ್ಲಿಯೇ ಮಾರಬೇಕು. ಅಡುಗೆಯವರಿಗೆ ಮೊದಲೇ ಒಂದು ಕಡ್ಡಿ ಕೊಟ್ಟು, ಒಪ್ಪಿದರೆ ಎಷ್ಟು, ವಾರಕ್ಕೆ ಎಷ್ಟು ಸಲ, ಯಾವ ಬೆಲೆಗೆ ಎಂದು ಮಾತಾಡಿ ಅನಂತರ ನೆಡುವುದು ಕ್ಷೇಮ. ಮನೆ ಬಳಕೆಗಾದರೆ ಎರಡು ಗಿಡ ಸಾಕು. ಎಲೆಯನ್ನು ಫ್ರೆಂಚ್ ಟ್ಯಾರಗನ್‌ಗೆ ಹೇಳಿದ ಪ್ರಮಾಣಕ್ಕಿಂತ ತುಸು ಕಡಿಮೆ, ಅಡುಗೆ ಇಳಿಸಿದ ಮೇಲೆ ಹಾಕಬೇಕು. ಬೆಣ್ಣೆಯಲ್ಲಿ ಬೇಯಿಸಿದ ಕ್ಯಾರೆಟ್, ಆಲೂಗಡ್ಡೆ ಮತ್ತು ಮೊಟ್ಟೆಯೊಂದಿಗೆ ಇದರ ರುಚಿ ಮೂಲ ಟ್ಯಾರಗನ್‌ಗೆ ತೀರ ಸಮೀಪ ಬರುತ್ತದೆ. ಬೇರ್ನೇಸ್ ಸಾಸ್‌ಗೆ ಮಾತ್ರ ಅಷ್ಟಾಗಿ ಹೊಂದುವುದಿಲ್ಲ.